ಕ್ಷಣದ ಪ್ರಶ್ನೆ, ವಾರದ ಉತ್ತರ

ಇಂಗ್ಲಿಷಿನ 'ಕ್ವಿಜ್' ಎಂಬ ಮಾತಿಗೆ ಕನ್ನಡದಲ್ಲಿ 'ರಸಪ್ರಶ್ನೆ' ಎಂಬ ಪದ ಬಹುಕಾಲದಿಂದ ನೆಲೆನಿಂತಿದೆ. ಮೂಲಪದದಲ್ಲಿ ಇಲ್ಲದ ಒಂದು ಹೆಚ್ಚಿನ ಅರ್ಥವನ್ನು ನಮ್ಮ ಈ ಪದ ಒಳಗಿಟ್ಟುಕೊಂಡಿದೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಪ್ರಶ್ನೆಯಲ್ಲಿ ರಸವಿರಬೇಕು. ಕಬ್ಬನ್ನು ಗಾಣಕ್ಕೆ ಕೊಟ್ಟರೆ ರಸ ಇಳಿಯುವಂತೆ, ಪ್ರಶ್ನೆಯನ್ನು ಮನಸ್ಸಿನ ಗಾಣಕ್ಕೆ ಕೊಟ್ಟಾಗ ಏನಾದರೂ ಇಳಿಯಬೇಕು. ಹಾಗೆ ಇಳಿಯದ ಪ್ರಶ್ನೆ ಬರಿಯ ಪ್ರಶ್ನೆಯೇ ಹೊರತು ರಸಪ್ರಶ್ನೆಯಲ್ಲ. ನಾನು ಮೇಷ್ಟ್ರಾಗಿದ್ದ ಕಾಲದಲ್ಲಿ, ನಮ್ಮ ಮರವಂತೆಯ ಮಕ್ಕಳು ತಾವು ಕಣ್ಣಾರೆ ನೋಡದೇ ಇದ್ದ ಒಂದು ದೂರದರ್ಶನದ ರಸಪ್ರಶ್ನೆ ಸ್ಪರ್ಧೆಯನ್ನು ವಾರವಾರವೂ ಹಿಂಬಾಲಿಸಿದ ಬಗೆಯನ್ನು ಇಲ್ಲಿ ಬರೆಯಬೇಕೆಂದಿದ್ದೇನೆ. ಆ ತರಗತಿಗಳಲ್ಲಿ ಕುಳಿತಿದ್ದ ಕೆಲವರಾದರೂ ಇದನ್ನು ಓದುತ್ತೀರಿ ಎಂಬ ಧೈರ್ಯ ನನಗಿದೆ.

ಮೊದಲು ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ವಿದ್ಯಾರ್ಥಿಗಳ ತಂಡಗಳನ್ನು ಎದುರುಬದುರು ಕೂರಿಸಿ ಪ್ರಶ್ನೆ ಕೇಳುವ ಪ್ರಸಾರ ಕಾರ್ಯಕ್ರಮ ಅಮೆರಿಕದ ರೇಡಿಯೋದಲ್ಲಿ 1953ರಲ್ಲಿ 'ಕಾಲೇಜ್ ಬೌಲ್' ಎಂಬ ಹೆಸರಿನಿಂದ ಬಂತು. ಅದೇ ಮಾದರಿಯನ್ನು ಹಿಡಿದು ಇಂಗ್ಲೆಂಡಿನಲ್ಲಿ 1962ರಲ್ಲಿ 'ಯೂನಿವರ್ಸಿಟಿ ಚಾಲೆಂಜ್' ಶುರುವಾಯಿತು. ನಮ್ಮ ದೇಶದಲ್ಲಿ 1967ರಲ್ಲಿ ಕೋಲ್ಕತ್ತದಲ್ಲಿ ನೀಲ್ ಓಬ್ರಿಯನ್ ಅವರು ಸಾರ್ವಜನಿಕ ಕ್ವಿಜ್ ನಡೆಸಿದರು. 1972ರಲ್ಲಿ ಶಾಲಾ ಮಕ್ಕಳಿಗಾಗಿ ಬೋರ್ನ್‌ವಿಟಾ ಕ್ವಿಜ್ ಸ್ಪರ್ಧೆ ಆರಂಭವಾಗಿ ರೇಡಿಯೋ ಮೂಲಕ ಮನೆಮಾತಾಯಿತು. ಹಮೀದ್ ಸಯಾನಿ ಅದನ್ನು ನಡೆಸಿಕೊಡುತ್ತಿದ್ದರು. ಅವರು 1975ರಲ್ಲಿ ತೀರಿಕೊಂಡ ಬಳಿಕ ಅವರ ತಮ್ಮ ಅಮೀನ್ ಸಯಾನಿ ಆ ಹೊಣೆ ಹೊತ್ತರು. ಬೆಂಗಳೂರಿನಲ್ಲಿ 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿತು. ಅದರ ಹಿಂದಿದ್ದ ಹಿರಿಯರು ವಿಂಗ್ ಕಮಾಂಡರ್ ಜಿ. ಆರ್. ಮುಲ್ಕಿ. ಹೆಸರಿನಲ್ಲೇ ನಮ್ಮ ಕರಾವಳಿಯ ಒಂದು ಊರನ್ನು ಇರಿಸಿಕೊಂಡಿದ್ದ ಅವರ ಬಗ್ಗೆ ನಮಗೆ ಸ್ವಲ್ಪ ಹೆಚ್ಚಿನ ಅಭಿಮಾನ ಇರುವುದು ಸಹಜ. ಇದಾದ ಮೇಲೆ 1985ರಲ್ಲಿ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ಅವರ 'ಕ್ವಿಜ್ ಟೈಮ್' ಬಂತು. ಕಾಲೇಜು ವಿದ್ಯಾರ್ಥಿಗಳ ತಂಡಗಳ ನಡುವಿನ ಸ್ಪರ್ಧೆ ಅದು.

ಆ ದಿನಗಳ ಒಂದು ರಜೆಯಲ್ಲಿ ನಾನು ಬೆಂಗಳೂರಿನ ಬಸವನಗುಡಿಯಲ್ಲಿದ್ದ ಅಕ್ಕ-ಭಾವನ ಮನೆಗೆ ಹೋಗಿದ್ದೆ. ಅಲ್ಲಿ ನಾನು ಈ ಕಾರ್ಯಕ್ರಮವನ್ನು ಮೊದಲ ಬಾರಿಗೆ ನೋಡಿದೆ. ಇಪ್ಪತ್ತು ವರ್ಷ ದಾಟದ ಹುಡುಗರು ಕುರ್ಚಿಯ ಅಂಚಿನಲ್ಲಿ ಕುಳಿತು, ಪ್ರಶ್ನೆ ಮುಗಿಯುವಷ್ಟರಲ್ಲಿ ಉತ್ತರ ಹೇಳಿಬಿಡುತ್ತಿದ್ದರು. ಸಿನಿಮಾ ನಟರನ್ನೂ ಕ್ರಿಕೆಟ್ ಆಟಗಾರರನ್ನೂ ಮೆಚ್ಚುವುದೇ ರೂಢಿಯಾಗಿದ್ದ ಕಾಲದಲ್ಲಿ, ಓದಿಕೊಂಡವರನ್ನು ದೇಶವೇ ಕುಳಿತು ನೋಡುತ್ತಿದೆ ಎಂಬ ಸಂಗತಿ ಒಬ್ಬ ಶಾಲಾ ಮಾಸ್ತರನಿಗೆ ಎಷ್ಟು ಸಂತೋಷ ಕೊಟ್ಟಿರಬಹುದು, ನೀವೇ ಊಹಿಸಿ. ನಮ್ಮ ಮಕ್ಕಳಿಗೂ ಇದನ್ನು ತೋರಿಸಬೇಕೆಂದು ಮನಸ್ಸು ಹಾತೊರೆಯಿತು. ಆದರೆ ತೋರಿಸುವುದು ಹೇಗೆ? ನಮ್ಮ ಶಾಲೆಯಲ್ಲಿ ಟಿವಿ ಇರಲಿಲ್ಲ. ನನ್ನ ಮನೆಯಲ್ಲೂ ಇರಲಿಲ್ಲ.

ದಾರಿ ಹುಡುಕಿದವನು ಆಗ ಕಾಲೇಜಿನಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗ. "ಮಾವ, ನಾನು ವಾರವಾರ ಪ್ರಶ್ನೆಗಳನ್ನು ಬರೆದು ಕಳಿಸುತ್ತೇನೆ" ಎಂದ. ಮಾತಿಗೆ ತಪ್ಪಲಿಲ್ಲ. ವಾರಕ್ಕೊಂದು ನೀಲಿ ಇನ್‌ಲ್ಯಾಂಡ್ ಲೆಟರ್ ಬರತೊಡಗಿತು. ಟಿವಿಯಲ್ಲಿ ಕೇಳಿದ್ದರಲ್ಲಿ ನೆನಪುಳಿದ ಕೆಲವು ಪ್ರಶ್ನೆಗಳು, ತಾನೇ ಕೂಡಿಸಿದ ಕೆಲವು, ಹೀಗೆ ಒಟ್ಟು ಹತ್ತು. ಜಾಗ ಸಾಲದೆ ಅಂಚಿನ ಮಡಿಕೆಗಳಲ್ಲೂ ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದ. ಉತ್ತರಗಳು ಮಾತ್ರ ಮುಂದಿನ ವಾರದ ಕಾಗದದಲ್ಲಿ! ಇದು ಅವನ ಉಪಾಯವೇನಲ್ಲ, ಒಂದೇ ಕಾಗದದಲ್ಲಿ ಎರಡೂ ಹಿಡಿಸುತ್ತಿರಲಿಲ್ಲ, ಅಷ್ಟೇ. ಆದರೆ ಈ ಜಾಗದ ಅಭಾವವೇ ನಮಗೆ ವರವಾಯಿತು. ಬೆಂಗಳೂರಿನಲ್ಲಿ ಕೆಲವೇ ಸೆಕೆಂಡು ಬಾಳುತ್ತಿದ್ದ ಪ್ರಶ್ನೆ ಮರವಂತೆಯಲ್ಲಿ ಒಂದು ವಾರ ಬಾಳುತ್ತಿತ್ತು.

ಶನಿವಾರ ಬೆಳಗಿನ ತರಗತಿ ಮುಗಿಯುವ ಹೊತ್ತಿಗೆ ನಾನು ಪ್ರಶ್ನೆಗಳನ್ನು ಕನ್ನಡಕ್ಕೆ ತಂದು ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಮಕ್ಕಳು ಅವನ್ನು ನೋಟ್ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಮುಂದಿನ ಶನಿವಾರದ ತನಕ ಯಾರನ್ನು ಬೇಕಾದರೂ ಕೇಳಬಹುದು, ಯಾವ ಪುಸ್ತಕವನ್ನು ಬೇಕಾದರೂ ನೋಡಬಹುದು. ನಾನು ಹಾಕಿದ್ದು ಒಂದೇ ಕಟ್ಟಳೆ. ಉತ್ತರ ಹೇಳಿದವರು ಅದರ ಜೊತೆಗೇ 'ಹೇಗೆ ಗೊತ್ತಾಯಿತು' ಎಂಬುದನ್ನೂ ಹೇಳಬೇಕು. ಬರಿಯ ಉತ್ತರಕ್ಕೆ ಒಂದು ಅಂಕ, ಹೇಗೆ ಗೊತ್ತಾಯಿತೆಂಬುದಕ್ಕೆ ಎರಡು ಅಂಕ.

ಈ ಎರಡು ಅಂಕಗಳ ಆಸೆ ಮಕ್ಕಳನ್ನು ಊರೆಲ್ಲ ಸುತ್ತಿಸಿತು. ಅಂಚೆ ಕಚೇರಿಗೆ ಹೋಗಿ ವಿದೇಶಿ ಅಂಚೆಚೀಟಿಗಳ ಬಗ್ಗೆ ಕೇಳಿದರು. ಪಂಚಾಂಗ ನೋಡುವ ಭಟ್ಟರ ಬಳಿ ಗ್ರಹಣದ ಲೆಕ್ಕ ಕೇಳಿದರು. ದೋಣಿ ಎಳೆದಿಟ್ಟ ಕಡಲ ಬದಿಯಲ್ಲಿ ಬಲೆ ಸರಿಪಡಿಸುತ್ತಿದ್ದ ಹಿರಿಯರ ಬಳಿ ಗಾಳಿಯ, ನಕ್ಷತ್ರಗಳ ಹೆಸರು ಕೇಳಿದರು. ಶಾಲೆಯ ಕಪಾಟಿನಲ್ಲಿದ್ದ ನಿರಂಜನರ ಸಂಪಾದಕತ್ವದ 'ಜ್ಞಾನಗಂಗೋತ್ರಿ'ಯ ಏಳು ಸಂಪುಟಗಳ ಧೂಳು ಆ ಎರಡು ವರ್ಷ ಕೂತದ್ದೇ ಇಲ್ಲ. ನಮ್ಮ ಕೋಟದ ಶಿವರಾಮ ಕಾರಂತರು ರೇಡಿಯೋವೇ ಅಪರೂಪವಾಗಿದ್ದ 1936ರಷ್ಟು ಹಿಂದೆಯೇ ಮಕ್ಕಳಿಗಾಗಿ 'ಬಾಲ ಪ್ರಪಂಚ'ವೆಂಬ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ಬರೆದಿಟ್ಟವರು. ಒಬ್ಬನೇ ವ್ಯಕ್ತಿ ಅಂಥ ಕೆಲಸವನ್ನು ಏಕೆ ಹೊತ್ತುಕೊಂಡ ಎಂಬುದು ನನಗೆ ಚೆನ್ನಾಗಿ ಅರ್ಥವಾದದ್ದು, ಹೈಸ್ಕೂಲು ಮೆಟ್ಟಿಲು ಹತ್ತದ ತಂದೆ-ತಾಯಿಯರ ಮಕ್ಕಳು ಆ ಕಪಾಟಿನ ಮುಂದೆ ಸಾಲುಗಟ್ಟಿ ನಿಂತದ್ದನ್ನು ನೋಡಿದಾಗ.

ಒಂದು ವಾರದ ಪ್ರಶ್ನೆಯನ್ನು ವಿವರವಾಗಿ ಹೇಳಲೇಬೇಕು. ಸೂಯೆಜ್ ಕಾಲುವೆ ಯಾವ ಎರಡು ಸಮುದ್ರಗಳನ್ನು ಕೂಡಿಸುತ್ತದೆ? ಕೆಂಪು ಸಮುದ್ರ, ಮೆಡಿಟರೇನಿಯನ್ ಸಮುದ್ರ. ಇಷ್ಟೇ ಉತ್ತರ, ಅಟ್ಲಾಸ್ ತೆರೆದರೆ ಸಿಗುವಂಥದ್ದು. ಆದರೆ ಮೀನುಗಾರರ ಮನೆಯ ಒಬ್ಬ ಹುಡುಗ ಎದ್ದುನಿಂತು ಕೇಳಿದ: "ಒಂದ್ ಬದಿಯ ನೀರ್ ಮತ್ತೊಂದ್ ಬದಿಗೆ ನುಗ್ಗುದಿಲ್ಯಾ ಸಾರ್?"

ತರಗತಿ ನಗಲಿಲ್ಲ. ಮರವಂತೆಯ ಮಕ್ಕಳಿಗೆ ಅದು ನಗುವ ಪ್ರಶ್ನೆಯಾಗಿರಲಿಲ್ಲ. ನಮ್ಮ ಊರನ್ನು ಕಂಡವರಿಗೆ ಕಾರಣ ಗೊತ್ತು. ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ನಡುವೆ ಒಂದು ರಸ್ತೆಯ ಅಗಲದಷ್ಟೇ ನೆಲ. ಎರಡು ನೀರುಗಳ ನಡುವಿನ ಗೋಡೆಯನ್ನು ಕಡಿದರೆ ಏನಾದೀತು ಎಂಬ ಭಯ ಪ್ರತಿ ಮಳೆಗಾಲದಲ್ಲೂ ಅವರ ಮನೆಗಳಲ್ಲಿ ಮಾತಿಗೆ ಬರುತ್ತಿತ್ತು.

ಉತ್ತರ ಹುಡುಕಲು ಇನ್ನೊಂದು ವಾರ ಕೊಟ್ಟೆ. ಮಕ್ಕಳು ಊರಿನಲ್ಲಿ ನಿವೃತ್ತರಾಗಿದ್ದ ಒಬ್ಬ ಹಡಗಿನ ನೌಕರರನ್ನು ಹುಡುಕಿ ತೆಗೆದರು. ಅವರನ್ನು ಶಾಲೆಗೇ ಕರೆದುತಂದರು. ಅವರು ಬೆಂಚಿನ ಮೇಲೆ ಕುಳಿತು, ಸೂಯೆಜ್‌ನಲ್ಲಿ ಹಡಗು ನೇರವಾಗಿ ಸಾಗುತ್ತದೆ, ನಡುವೆ ಬಾಗಿಲು-ಕಟ್ಟೆ ಏನೂ ಇಲ್ಲ ಎಂದರು. ಎರಡೂ ಸಮುದ್ರಗಳ ನೀರಿನ ಮಟ್ಟ ಹೆಚ್ಚುಕಡಿಮೆ ಒಂದೇ. ಆದರೆ ಪನಾಮ ಕಾಲುವೆಯಲ್ಲಿ ಹಾಗಲ್ಲ. ಅಲ್ಲಿ ನಡುವಿನ ನೆಲ ಎತ್ತರ, ಹಡಗನ್ನು ಕಟ್ಟೆಯೊಳಗೆ ನಿಲ್ಲಿಸಿ, ಬಾಗಿಲು ಮುಚ್ಚಿ, ನೀರು ತುಂಬಿಸಿ ಮೆಟ್ಟಿಲು ಮೆಟ್ಟಿಲಾಗಿ ಸುಮಾರು 26 ಮೀಟರ್ ಮೇಲಕ್ಕೆತ್ತಿ, ಆಚೆ ಕಡೆ ಮತ್ತೆ ಇಳಿಸುತ್ತಾರೆ. ಇದನ್ನು ಅವರು ಎರಡು ಕೈಗಳಿಂದ ತೋರಿಸಿದ ರೀತಿ ಯಾವ ಪುಸ್ತಕದ ಚಿತ್ರಕ್ಕೂ ಕಡಿಮೆಯಿರಲಿಲ್ಲ. ಕೊನೆಗೆ, "ನಡು ಕೆಲವು ವರ್ಷ ಆ ಕಾಲುವಿಯೇ ಮುಚ್ಚಿತ್ತ್ ಮಾಷ್ಟ್ರೇ, ಆಫ್ರಿಕಾ ಸುತ್ತ್ ಹಾಕಿ ಹೋಯ್ಕಾಯ್ತ್" ಎಂದರು. 1967ರ ಅರಬ್-ಇಸ್ರೇಲ್ ಯುದ್ಧದಿಂದ 1975ರ ತನಕ ಸೂಯೆಜ್ ಮುಚ್ಚಿದ್ದ ಇತಿಹಾಸ ಹೀಗೆ ನಮ್ಮ ತರಗತಿಗೆ ಕುಂದಾಪುರ ಕನ್ನಡದಲ್ಲಿ ಬಂತು.

ಬಹಳ ವರ್ಷಗಳ ನಂತರ ನಾನು ಓದಿ ತಿಳಿದ ಒಂದು ವಿಷಯವನ್ನು ಆ ಹುಡುಗನಿಗೆ ಇಲ್ಲಿ ತಿಳಿಸಬಯಸುತ್ತೇನೆ. ನೆಪೋಲಿಯನ್ ಈಜಿಪ್ಟಿಗೆ ಹೋದಾಗ ಅವನ ಎಂಜಿನಿಯರುಗಳು 1799ರಲ್ಲಿ ಅದೇ ಜಾಗವನ್ನು ಅಳೆದರು. ಕೆಂಪು ಸಮುದ್ರದ ಮಟ್ಟ ಮೆಡಿಟರೇನಿಯನ್‌ಗಿಂತ ಸುಮಾರು 10 ಮೀಟರ್ ಎತ್ತರದಲ್ಲಿದೆ ಎಂದು ಅವರ ಲೆಕ್ಕ ಹೇಳಿತು. ನೇರ ಕಾಲುವೆ ತೋಡಿದರೆ ನೀರು ನುಗ್ಗೀತೆಂಬ ಶಂಕೆ ಉಳಿಯಿತು. ಆ ಲೆಕ್ಕ ತಪ್ಪೆಂದು ಖಚಿತವಾದದ್ದು 1847ರ ಮರು ಅಳತೆಯಲ್ಲಿ. ಕಾಲುವೆ ತೆರೆದದ್ದು 1869ರಲ್ಲಿ. ಅಂದರೆ ಮಗೂ, ನಿನ್ನ ಸಂದೇಹ ದಡ್ಡತನದ್ದಾಗಿರಲಿಲ್ಲ. ನಾಲ್ಕೈದು ದಶಕಗಳ ಕಾಲ ಯುರೋಪಿನ ಎಂಜಿನಿಯರುಗಳನ್ನು ಕಾಡಿದ ಸಂದೇಹವೇ ಅದು. ಟಿವಿಯ ಸ್ಪರ್ಧೆಯಲ್ಲಿ ಇದಕ್ಕೆ ಅಂಕವಿಲ್ಲ. ಅಲ್ಲಿ ಪ್ರಶ್ನೆ ಕೇಳುವ ಅಧಿಕಾರ ಒಬ್ಬರಿಗೆ ಮಾತ್ರ, ಸ್ಪರ್ಧಿಗೆ ಇರುವುದು ಉತ್ತರ ಹೇಳುವ ಅಧಿಕಾರ. ತರಗತಿಗೂ ಸ್ಪರ್ಧೆಗೂ ಇರುವ ಮುಖ್ಯ ಭೇದ ಇದೇ ಎಂದು ನಾನು ತಿಳಿದಿದ್ದೇನೆ.

ಇನ್ನೊಂದು ಭೇದವೂ ಇತ್ತು, ಅದು ಭಾಷೆಯದು. 'ಕ್ವಿಜ್ ಟೈಮ್' ಇಂಗ್ಲಿಷಿನಲ್ಲಿತ್ತು. ಬೋರ್ನ್‌ವಿಟಾ ಸ್ಪರ್ಧೆ 1990ರ ದಶಕದಲ್ಲಿ ಡೆರೆಕ್ ಓಬ್ರಿಯನ್ ಅವರ ನಿರ್ವಹಣೆಯಲ್ಲಿ ಟಿವಿಗೆ ಬಂದಾಗಲೂ ಇಂಗ್ಲಿಷೇ. ಕನ್ನಡ ಮಾಧ್ಯಮದ ಮಕ್ಕಳು ಆ ಆಟದಲ್ಲಿ ಪ್ರೇಕ್ಷಕರಾಗಬಹುದಿತ್ತೇ ಹೊರತು ಆಟಗಾರರಾಗುವಂತಿರಲಿಲ್ಲ. ಆ ದಶಕದಲ್ಲೇ ಒಂದು ಊರಿನಲ್ಲಿ ನಡೆದ ಅಂತರಶಾಲಾ ಸ್ಪರ್ಧೆಗೆ ನಮ್ಮ ತಂಡವನ್ನು ಕರೆದುಕೊಂಡು ಹೋಗಿದ್ದೆ. ಪ್ರಶ್ನೆಗಳನ್ನು ಎರಡೂ ಭಾಷೆಗಳಲ್ಲಿ ಓದುತ್ತಿದ್ದರು. ಸಸ್ಯಗಳು ಬಿಸಿಲಿನ ಸಹಾಯದಿಂದ ಆಹಾರ ತಯಾರಿಸುವ ಕ್ರಿಯೆಯ ಹೆಸರೇನು ಎಂದು ಕೇಳಿದಾಗ ನಮ್ಮ ಹುಡುಗಿ ತಟ್ಟನೆ 'ದ್ಯುತಿಸಂಶ್ಲೇಷಣೆ' ಎಂದಳು. ಪ್ರಶ್ನೆ ಕೇಳುತ್ತಿದ್ದವರ ಕೈಯ ಕಾರ್ಡಿನಲ್ಲಿ 'ಫೋಟೋಸಿಂಥೆಸಿಸ್' ಎಂದಿತ್ತು. ಅವರು ಒಂದು ಕ್ಷಣ ಕಾರ್ಡನ್ನು ನೋಡಿ, ಪ್ರಶ್ನೆಯನ್ನು ಮುಂದಿನ ತಂಡಕ್ಕೆ ದಾಟಿಸಿದರು. ನಾನು ಎದ್ದು ಹೇಳಿದೆ, ಹೇಳಿದ್ದನ್ನು ಕೇಳಿಸಿಕೊಂಡರು. ಅಂಕ ಮಾತ್ರ ಬರಲಿಲ್ಲ. ಮೂರನೆಯ ಸ್ಥಾನ ತಪ್ಪಿದ್ದು ಆ ಒಂದು ಪ್ರಶ್ನೆಯಿಂದ.

ಬಸ್ಸಿನಲ್ಲಿ ಹಿಂದಿರುಗುವಾಗ ಆ ಹುಡುಗಿ ಅಳಲಿಲ್ಲ. "ಸಾರ್, ನಮ್ಮ ಪುಸ್ತಕದ ಹೆಸರು ನಿಜವಾದ ಹೆಸರು ಅಲ್ದಾ?" ಎಂದಷ್ಟೇ ಕೇಳಿದಳು. ಮೂರನೆಯ ಸ್ಥಾನ ಹೋದದ್ದು ದೊಡ್ಡದಲ್ಲ. ತಾನು ಕಲಿತ ಭಾಷೆಯಲ್ಲಿ ತಿಳಿದುಕೊಂಡದ್ದು ನಿಜವಾದ ತಿಳುವಳಿಕೆಯೋ ಅಲ್ಲವೋ ಎಂಬ ಅನುಮಾನ ಒಂದು ಮಗುವಿನ ಎದೆಯಲ್ಲಿ ಕೂತಿತಲ್ಲ, ಅದು ದೊಡ್ಡದು. "ಎರಡೂ ನಿಜವಾದ ಹೆಸರೇ. 'ದ್ಯುತಿ' ಎಂದರೆ ಬೆಳಕು, 'ಸಂಶ್ಲೇಷಣೆ' ಎಂದರೆ ಕೂಡಿಸುವುದು. ಗ್ರೀಕಿನಿಂದ ಬಂದ ಆ ಹೆಸರಿಗೂ ಅದೇ ಅರ್ಥ" ಎಂದು ವಿವರಿಸಿದೆ. ಅವಳು ತಲೆಯಾಡಿಸಿದಳು. ಆದರೆ ಇಂಥ ಅನುಮಾನ ಒಬ್ಬ ಮಾಸ್ತರನ ವಿವರಣೆಯಿಂದ ಹೋಗುವಂಥದ್ದಲ್ಲ. ಹತ್ತು ಜನರ ಎದುರಿನಲ್ಲಿ, ಬೆಳಕಿನಲ್ಲಿ, ಆ ಪದಕ್ಕೆ ಅಂಕ ಸಿಗಬೇಕು. ಆಗ ಮಾತ್ರ ಹೋಗುತ್ತದೆ.

ಅದು ಆದದ್ದು 2002ರ ಜನವರಿಯಿಂದ. 2000ದ ಜುಲೈಯಲ್ಲಿ 'ಕೌನ್ ಬನೇಗಾ ಕರೋಡ್‌ಪತಿ' ಬಂದು, ಪ್ರಶ್ನೆಗೆ ಉತ್ತರ ಹೇಳಿದರೆ ಕೋಟಿ ರೂಪಾಯಿ ಎಂಬ ಗುಂಗು ದೇಶವನ್ನೆಲ್ಲ ಹಿಡಿದಿತ್ತು. ಅದಾದ ಒಂದೂವರೆ ವರ್ಷಕ್ಕೆ ಬೆಂಗಳೂರು ದೂರದರ್ಶನದ ಚಂದನ ವಾಹಿನಿಯಲ್ಲಿ 'ಥಟ್ ಅಂತ ಹೇಳಿ' ಆರಂಭವಾಯಿತು. ನಡೆಸಿಕೊಟ್ಟವರು ಡಾ. ನಾ. ಸೋಮೇಶ್ವರ, ವೃತ್ತಿಯಿಂದ ವೈದ್ಯರು. ಬಹುಮಾನ ಕನ್ನಡ ಪುಸ್ತಕಗಳು. ಕೋಟಿಯ ಎದುರು ಪುಸ್ತಕ ಎಷ್ಟು ದಿನ ನಿಂತೀತು ಎಂದು ಹಲವರು ನಕ್ಕರು. ಅದು ಮೂರು ಸಾವಿರ ಕಂತುಗಳನ್ನು ದಾಟಿತು! ಇದು ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಾದ ಸ್ಪರ್ಧೆಯಲ್ಲ, ನಿಜ. ಆದರೆ ನಮ್ಮ ಕಡೆಯ ಮನೆಗಳಲ್ಲಿ ಅದನ್ನು ಹಿಂಬಾಲಿಸಿದವರಲ್ಲಿ ವಿದ್ಯಾರ್ಥಿಗಳದ್ದೇ ಮುಂದಾಳ್ತನ. ಊಟದ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ, ಪರದೆಯ ಮೇಲಿನ ಸ್ಪರ್ಧಿಗಿಂತ ಮೊದಲು ಉತ್ತರ ಹೇಳಿ ಗೆಲ್ಲುವ ಮಕ್ಕಳನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ಅದೇ ಜಗಲಿಯಲ್ಲಿ ಕುಳಿತ ಅಜ್ಜಿ ಪುರಾಣದ ಪ್ರಶ್ನೆಗೆ ಮೊಮ್ಮಗನಿಗಿಂತ ಮೊದಲು ಉತ್ತರ ಹೇಳಿದ್ದನ್ನೂ ಕಂಡಿದ್ದೇನೆ. ಇಂಗ್ಲಿಷಿನ ಕ್ವಿಜ್ ಮನೆಯೊಳಗೆ ಓದಿದವರನ್ನೂ ಓದದವರನ್ನೂ ಬೇರೆ ಮಾಡುತ್ತಿತ್ತು. ಕನ್ನಡದ ರಸಪ್ರಶ್ನೆ ಅವರನ್ನು ಒಂದೇ ಚಾಪೆಯ ಮೇಲೆ ಕೂರಿಸಿತು.

ಆದರೂ ಆ 'ಥಟ್' ಎಂಬ ಶಬ್ದದ ಬಗ್ಗೆ ನನಗೊಂದು ಮಾತು ಹೇಳಲಿಕ್ಕಿದೆ. ಕಾರ್ಯಕ್ರಮದ ಮೇಲಿನ ಆಕ್ಷೇಪವಲ್ಲ, ಸ್ಪರ್ಧೆ ಎಂದ ಮೇಲೆ ವೇಗ ಇರಲೇಬೇಕು. ಇಂಗ್ಲೆಂಡಿನ 'ಮಾಸ್ಟರ್‌ಮೈಂಡ್' ಎಂಬ ಪ್ರಸಿದ್ಧ ಟಿವಿ ಕ್ವಿಜ್ ಅನ್ನು 1972ರಲ್ಲಿ ರೂಪಿಸಿದ ಬಿಲ್ ರೈಟ್ ಎಂಬವರು ಎರಡನೆಯ ಮಹಾಯುದ್ಧದಲ್ಲಿ ಜರ್ಮನರಿಗೆ ಸೆರೆಸಿಕ್ಕಿದ್ದ ವಾಯುಪಡೆಯ ಯೋಧರು. ಸೆರೆಯಲ್ಲಿ ತಮ್ಮನ್ನು ವಿಚಾರಣೆ ಮಾಡಿದ ಅನುಭವದಿಂದಲೇ ಕತ್ತಲ ಕೋಣೆ, ಒಂಟಿ ಕಪ್ಪು ಕುರ್ಚಿ, ಮೇಲಿನಿಂದ ಬೀಳುವ ಬೆಳಕು ಎಂಬ ಕಲ್ಪನೆ ಅವರಿಗೆ ಹೊಳೆಯಿತಂತೆ. ಬಿಸಿ ಕುರ್ಚಿಯಲ್ಲಿ ಕುಳಿತವನಿಗೆ ಅದು ಆಟವೋ ವಿಚಾರಣೆಯೋ ಎಂದು ಅನ್ನಿಸುವುದರಲ್ಲಿ ಆಶ್ಚರ್ಯವಿಲ್ಲ.

ನಮ್ಮಲ್ಲಿ ಇದಕ್ಕಿಂತ ಹಳೆಯ ಮಾದರಿ ಒಂದಿದೆ. ಮಹಾಭಾರತದ ಯಕ್ಷಪ್ರಶ್ನೆಯ ಪ್ರಸಂಗವನ್ನು ನಿಮಗೆಲ್ಲ ನಾನೇ ಹೇಳಿದ್ದೇನೆ. ನಾಲ್ವರು ತಮ್ಮಂದಿರು ಬಾಯಾರಿಕೆಯ ಆತುರದಲ್ಲಿ ಪ್ರಶ್ನೆಯನ್ನೇ ಕೇಳಿಸಿಕೊಳ್ಳದೆ ನೀರಿಗಿಳಿದರು. ಧರ್ಮರಾಯನಿಗೂ ಅಷ್ಟೇ ಬಾಯಾರಿಕೆ. ಆದರೆ ಅವನು ನಿಂತ, ಕೇಳಿದ, ಯೋಚಿಸಿ ಹೇಳಿದ. ಕೊನೆಗೆ ಬಹುಮಾನವಾಗಿ ಒಬ್ಬ ತಮ್ಮನ ಜೀವವನ್ನು ಕೇಳಿಕೋ ಎಂದಾಗ ಭೀಮಾರ್ಜುನರನ್ನು ಬಿಟ್ಟು ನಕುಲನನ್ನು ಕೇಳಿದ, ಕುಂತಿಗೆ ತಾನಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂದು. ಅವನು ಹೇಳಿದ ಉತ್ತರಗಳೆಲ್ಲ ನಿಜವಾಗಿಯೂ ಅವನವೇ ಎಂದು ಯಕ್ಷನಿಗೆ ಮನವರಿಕೆಯಾದದ್ದು ಆಗ.

ನನ್ನ ತರಗತಿಗಳಲ್ಲಿ ನಿಧಾನದ ಮಕ್ಕಳು ಯಾವಾಗಲೂ ಇದ್ದರು. ಕೈ ಎತ್ತುವವರಲ್ಲಿ ಕೊನೆಯವರು, ಎತ್ತಿದ ಮೇಲೂ ಮಾತು ಹುಡುಕುವವರು. ಗುಂಡಿ ಒತ್ತುವ ಸ್ಪರ್ಧೆಯಲ್ಲಿ ಅವರಿಗೆ ಜಾಗವಿಲ್ಲ. ಆದರೆ ಒಂದು ವಾರದ ಅವಧಿಯ ನಮ್ಮ ಸ್ಪರ್ಧೆಯಲ್ಲಿ ಎಷ್ಟೋ ಸಲ ಅವರೇ ಮುಂದಿದ್ದರು. ಹಾಗಾದರೆ ವೇಗದ ಸ್ಪರ್ಧೆ ಬೇಡವೇ? ಬೇಕು. ನೆನಪಿನ ಶಕ್ತಿ ಕಡಿಮೆಯ ಸಂಪತ್ತಲ್ಲ. ಒಳ್ಳೆಯ ಕ್ವಿಜ್ ಮಾಸ್ತರರು ಇದರ ಮಧ್ಯದಲ್ಲೇ ಒಂದು ದಾರಿ ಕಂಡುಕೊಂಡಿದ್ದಾರೆ. ಉತ್ತರದ ಬೇರು ಪ್ರಶ್ನೆಯೊಳಗೇ ಇರುವಂತೆ ಕೇಳುವುದು ಆ ದಾರಿ. ಉದಾಹರಣೆಗೆ, ಕ್ಯಾಲಿಕೋ ಎಂಬ ಬಟ್ಟೆಯ ಹೆಸರು ಎಲ್ಲಿಂದ ಬಂತು ಎಂದು ನೇರವಾಗಿ ಕೇಳಿದರೆ ಗೊತ್ತಿದ್ದವನು ಹೇಳಿಯಾನು, ಉಳಿದವರು ಸುಮ್ಮನಾಗುತ್ತಾರೆ. 'ನಾವು ಕಲ್ಲಿಕೋಟೆ ಎನ್ನುವ ಮಲಬಾರಿನ ಬಂದರನ್ನು ಪರದೇಶಿಗಳು ತಮ್ಮ ಉಚ್ಚಾರಣೆಯಲ್ಲಿ ಕರೆದ ಹೆಸರು ಒಂದು ಹತ್ತಿಬಟ್ಟೆಗೆ ಅಂಟಿಕೊಂಡಿತು, ಯಾವುದು?' ಎಂದು ಕೇಳಿದರೆ, ಗೊತ್ತಿಲ್ಲದವನೂ ಕಲ್ಲಿಕೋಟೆ, ಕ್ಯಾಲಿಕಟ್, ಕ್ಯಾಲಿಕೋ ಎಂದು ಒಂದೊಂದೇ ಹೆಜ್ಜೆ ಇಟ್ಟು ತಲುಪಬಹುದು. ಹೀಗೆ ತಲುಪಿದ ಮಗುವಿನ ಮುಖದಲ್ಲಿ ಕಾಣುವ ಬೆಳಕೇ ನಾನು ಮೊದಲು ಹೇಳಿದ ರಸ.

ಈಗ ಉತ್ತರಗಳಿಗೆ ಬರವಿಲ್ಲ. ಪ್ರತಿ ಕೈಯಲ್ಲೂ ಮೊಬೈಲು, ಕೇಳಿದ್ದಕ್ಕೆ ಕ್ಷಣಮಾತ್ರದಲ್ಲಿ ಉತ್ತರ. ಇಂಥ ಕಾಲದಲ್ಲಿ ರಸಪ್ರಶ್ನೆ ಯಾಕೆ ಬೇಕು ಎಂದು ನನ್ನ ಮೊಮ್ಮಗಳು ಕೇಳಿದಳು. ನಾನು ಹೇಳಿದೆ: ಉತ್ತರ ಅಗ್ಗವಾದಷ್ಟೂ 'ಹೇಗೆ ಗೊತ್ತಾಯಿತು' ಎಂಬ ಮಾತಿನ ಬೆಲೆ ಏರುತ್ತದೆ. ಮೊಬೈಲು ಹೇಳಿದ್ದು ಸರಿಯೋ ತಪ್ಪೋ ಎಂದು ತೂಗುವ ತಕ್ಕಡಿ ಮೊಬೈಲಿನಲ್ಲಿಲ್ಲ. ಅದು ಕೇಳುವವರ ಒಳಗೇ ಇರಬೇಕು. ಶನಿವಾರದ ಬೆಳಿಗ್ಗೆ ಎರಡು ಅಂಕಗಳ ಆಸೆಗೆ ಊರು ಸುತ್ತಿದ ಮಕ್ಕಳು ಆ ತಕ್ಕಡಿಯನ್ನೇ ಕಟ್ಟಿಕೊಳ್ಳುತ್ತಿದ್ದರು.

ಆದುದರಿಂದ, ದೇಶ-ವಿದೇಶಗಳಲ್ಲಿ ಚದುರಿಹೋಗಿರುವ ನನ್ನ ವಿದ್ಯಾರ್ಥಿಗಳೇ, ನಿಮಗೆ ಹಳೆಯ ಪದ್ಧತಿಯಲ್ಲೇ ಒಂದು ಪ್ರಶ್ನೆ. ಸೌಪರ್ಣಿಕಾ ನದಿ ನಮ್ಮ ಮರವಂತೆಯಲ್ಲಿ ಸಮುದ್ರಕ್ಕೆ ಕಲ್ಲೆಸೆತದ ದೂರದ ತನಕ ಬಂದು, ಅದನ್ನು ಸೇರದೆ ತಿರುಗಿ, ಮೈಲುಗಟ್ಟಲೆ ಹರಿದು ಗಂಗೊಳ್ಳಿಯ ಅಳಿವೆಯಲ್ಲಿ ಕಡಲಿಗೆ ಸೇರುತ್ತದೆ. ಇಷ್ಟು ಹತ್ತಿರ ಬಂದದ್ದು ಇಲ್ಲೇ ಏಕೆ ಸೇರಲಿಲ್ಲ? ಸಮಯ ಒಂದು ವಾರ. ಯಾರನ್ನು ಬೇಕಾದರೂ ಕೇಳಬಹುದು. ಬರಿಯ ಉತ್ತರಕ್ಕೆ ಒಂದೇ ಅಂಕ, ನೆನಪಿರಲಿ.